ಆಪಾ ಅವರ ಗುರುತಿನ ಗಾಜು

ಈಗಿನ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯ ಮೇಲೆ ಅದರ ಗುರುತು ಬಂದು ಕೂರುತ್ತದೆ. ಹೊಸದಾಗಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ನನ್ನ ಹತ್ತಿರ ಏನಾದರೂ ಕೇಳಲು ಬಂದರೆ, ನಾನು ಅವರನ್ನು ಮೊದಲು ಕೇಳುವುದು ಇಷ್ಟೇ: "ಅದು ಬಂದಿದೆ ಅಂತ ಹೇಗೆ ಗೊತ್ತಾಯ್ತು?" ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮುದುಕನಿಗೆ ಅರಳುಮರಳು ಎಂದುಕೊಳ್ಳುತ್ತಾರೋ ಏನೋ. ಆ ಪ್ರಶ್ನೆ ನನಗೆ ಎಲ್ಲಿಂದ ಬಂತು ಎನ್ನುವುದನ್ನು ಬರೆದಿಡಬೇಕು ಎನಿಸಿ ಕುಳಿತಿದ್ದೇನೆ. ಬಡ್ತಿ, ಶಾಲು, ಬೀಳ್ಕೊಡುಗೆಯ ಭಾಷಣ ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಅವುಗಳ ಫೋಟೋಗಳು ಬೀರುವಿನಲ್ಲಿವೆ, ಇದುವರೆಗೆ ಯಾರೂ ಕೇಳಿಲ್ಲ.

ನನ್ನ ಹೆಸರು ನಾಗರಾಜ, ಊರು ಗೌರಿಬಿದನೂರು. ಎಂಬತ್ತರ ದಶಕದಲ್ಲಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ರೇಷ್ಮೆ ಬೆಳೆಗಾರರು ಸೇರಿ ಕಟ್ಟಿಕೊಂಡಿದ್ದ ಒಂದು ಸಂಘದಲ್ಲಿ ಟೈಪಿಸ್ಟ್ ಆಗಿ ಸೇರಿದೆ. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ಬೆಳೆಗಾರರಿಗೆ ಕೊಡುವುದು ಸಂಘದ ಕೆಲಸ. ಮೊಟ್ಟೆ ತಯಾರಾಗುವ ಬಿತ್ತನೆ ಕೋಠಿ ಶಿಡ್ಲಘಟ್ಟದಲ್ಲಿತ್ತು. ಹಂಚುವ ಕೇಂದ್ರಗಳು ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನಲ್ಲಿದ್ದವು. ನಾಲ್ಕು ಊರಿನ ಬಸ್ ನಿಲ್ದಾಣಗಳಲ್ಲಿ ಯಾವ ಹೋಟೆಲಿನ ಕಾಫಿಗೆ ನೀರು ಜಾಸ್ತಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ.

ನಮ್ಮ ಕೆಲಸದಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಗಂಟು ರೋಗಕ್ಕೆ. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ. ಅಂಥ ಮೊಟ್ಟೆ ಒಂದು ಮನೆಗೆ ಹೋದರೆ ಆ ಮನೆಯ ಹುಳುವೆಲ್ಲ ಹೋದಂತೆ. ಆದ್ದರಿಂದ ಮೊಟ್ಟೆ ಇಟ್ಟ ಚಿಟ್ಟೆಗಳನ್ನು ಅರೆದು, ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗದ ಕಣ ಕಂಡರೆ ಆ ತಂಡದ ಮೊಟ್ಟೆಯನ್ನು ಪೂರ್ತಿ ಸುಡಬೇಕು. ಕೋಠಿಯೊಳಗೆ ಕಾಲಿಡುವವರು ಬಾಗಿಲಲ್ಲಿದ್ದ ಔಷಧಿ ನೀರಿನ ತೊಟ್ಟಿಯಲ್ಲಿ ಕಾಲದ್ದಿ, ಕೈ ತೊಳೆದುಕೊಂಡೇ ಬರಬೇಕಿತ್ತು. ಬಾಗಿಲು ಕಾಯುತ್ತಿದ್ದವನು ಮುನಿಶಾಮಪ್ಪ. ಮಂತ್ರಿ ಬಂದರೂ ಕಾಲದ್ದಿಸದೆ ಬಿಡುವವನಲ್ಲ.

ಕೋಠಿಗೆ ಕಂಪ್ಯೂಟರ್ ಬಂದು, ಅದನ್ನು ನೋಡಿಕೊಳ್ಳುವ ಕೆಲಸ ಟೈಪಿಸ್ಟನಾದ ನನಗೆ ಬಿದ್ದ ಹೊಸದರಲ್ಲಿ ಚಿಂತಾಮಣಿಯವರು ಲೆಕ್ಕಪತ್ರ ತುಂಬಿದ ಹನ್ನೆರಡು ಫ್ಲಾಪಿ ಡಿಸ್ಕುಗಳನ್ನು ಬಸ್ಸಿನಲ್ಲಿ ಕಳಿಸಿದ್ದರು. ನಾನು ಊಟ ಮುಗಿಸಿ ಬಂದು ನೋಡಿದರೆ ಅವು ಕಿಟಕಿಗೆ ಕಟ್ಟಿದ ದಾರದಲ್ಲಿ ಸಾಲಾಗಿ ನೇತಾಡುತ್ತಿವೆ. ಕೆಳಗೆ ನೆಲದ ಮೇಲೆ ತೊಟ್ಟಿಕ್ಕಿದ ನೀರು, ಕೋಣೆ ತುಂಬ ಔಷಧಿಯ ಘಾಟು.

"ಏನಪ್ಪ ಮಾಡ್ದೆ ಇದು?" ಎಂದು ಕೂಗಿಕೊಂಡೆ.

"ಹೊರಗಿಂದ ಬಂದಿದ್ದು ಅದ್ದದೆ ಒಳಕ್ಕೆ ಬಿಟ್ರೆ ಸಾಹೇಬ್ರು ನನ್ನ ಬಿಡ್ತಾರಾ ಸ್ವಾಮಿ? ಎರಡೂ ಕಡೆ ಚೆನ್ನಾಗಿ ಅದ್ದಿದ್ದೀನಿ, ನೋಡ್ಕಳಿ" ಎಂದ ಮುನಿಶಾಮಪ್ಪ.

ಅವನ ಮೇಲೆ ರೇಗಾಡಿದೆ. ಈಗ ಯೋಚಿಸಿದರೆ ತಪ್ಪು ನನ್ನದೇ. ಫ್ಲಾಪಿ ಎಂದರೆ ಏನು ಎಂದು ಅವನಿಗೆ ಹೇಳಿಕೊಟ್ಟವರು ಯಾರು? ಅವನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದ.

ಸೂಕ್ಷ್ಮದರ್ಶಕದ ಕೋಣೆಯಲ್ಲಿ ಇದ್ದವರು ಜೈಬುನ್ನಿಸಾ. ಶಿಡ್ಲಘಟ್ಟದವರೇ. ಅವರ ಮನೆಯವರೆಲ್ಲ ರೇಷ್ಮೆ ನೂಲು ತೆಗೆಯುವವರು. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಸಾಹೇಬರನ್ನು ಬಿಟ್ಟು ಇಡೀ ಕೋಠಿ ಅವರನ್ನು ಆಪಾ ಎನ್ನುತ್ತಿತ್ತು, ಎಂದರೆ ಅಕ್ಕ. ದಿನಕ್ಕೆ ನೂರಾರು ಗಾಜು ನೋಡಿದರೂ ಅನುಮಾನ ಬಂದದ್ದನ್ನು ಎರಡನೇ ಸಲ ನೋಡದೆ ಬಿಡುತ್ತಿರಲಿಲ್ಲ. ಅವರದೊಂದು ಅಭ್ಯಾಸವಿತ್ತು. ಬೆಳಿಗ್ಗೆ ಬಂದ ಕೂಡಲೇ ತಗಡಿನ ಡಬ್ಬಿಯಿಂದ ಒಂದು ಹಳೆಯ ಗಾಜು ತೆಗೆಯುತ್ತಿದ್ದರು. ಅದರ ಅಂಚಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿ ಮುಚ್ಚಿತ್ತು. ಅದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅರ್ಧ ನಿಮಿಷ ನೋಡಿ, ಡಬ್ಬಿಗೆ ಹಾಕಿ, ಆಮೇಲೆಯೇ ಆ ದಿನದ ಗಾಜುಗಳಿಗೆ ಕೈ ಹಾಕುತ್ತಿದ್ದರು.

"ಏನಾಪಾ, ದಿನಾ ಅದೇ ಗಾಜಿಗೆ ಪೂಜೆನಾ?" ಎಂದು ಒಮ್ಮೆ ರೇಗಿಸಿದೆ.

"ಪೂಜೆ ಅಲ್ಲ ಕಣಪ್ಪ, ಹಾಜರಿ. ಇದರಲ್ಲಿ ರೋಗ ಐತೆ ಅಂತ ನನಗೆ ಗೊತ್ತು. ಅದು ಕಂಡ್ರೆ ನನ್ನ ಕಣ್ಣು, ಲೆನ್ಸು ಎರಡೂ ಡ್ಯೂಟಿಗೆ ಬಂದವೆ ಅಂತ ಲೆಕ್ಕ" ಎಂದರು.

ನಾನು ನಕ್ಕೆ. ಯಂತ್ರದ ಮುಂದೆ ಕೂರುವವನಿಗೆ ಇಂಥದ್ದೆಲ್ಲ ಬೇಕಿಲ್ಲ ಎನ್ನುವ ಗರ್ವ ನನಗಿತ್ತು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮೂರು ಬದಲಾವಣೆ ಒಟ್ಟಿಗೆ ಬಂದವು. ಹೊಸ ಮ್ಯಾನೇಜರ್ ರಾಮಚಂದ್ರಯ್ಯ ಬಂದರು. ಒಳ್ಳೆಯ ಮನುಷ್ಯ, ಆದರೆ ಕಾಗದ ಕಂಡರೆ ಮೈ ಉರಿಯುತ್ತಿತ್ತು. "ಕಂಪ್ಯೂಟರ್ ಇದ್ಮೇಲೆ ಈ ಚೀಟಿ ಯಾಕ್ರೀ?" ಎಂದು ರೋಗದ ಫಲಿತಾಂಶ ಬರೆಯುವ ಪುಸ್ತಕವನ್ನೇ ನಿಲ್ಲಿಸಿದರು. ಆಪಾ ಆ ದಿನದ ಗುರುತುಗಳನ್ನು ಸ್ಲೇಟಿನಲ್ಲಿ ಬರೆದುಕೊಂಡು, ಸಂಜೆ ತಾವೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಸ್ಲೇಟು ಒರೆಸಿ ಮನೆಗೆ ಹೋಗಬೇಕಾಯಿತು. ಎರಡನೆಯದು, ಕಂಪ್ಯೂಟರಿನ ವೈರಸ್ ಕಾಟ ತಡೆಯಲಾರದೆ, ಅದನ್ನು ನಡೆಸುವ ತಂತ್ರಾಂಶವನ್ನೇ ಬದಲಿಸಿ ನಾನು ಲಿನಕ್ಸ್ ಹಾಕಿದೆ. ಒಂದು ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಕಲಿತದ್ದು, ಹೇಳಿಕೊಡುವವರು ನಾಲ್ಕು ಊರಿನಲ್ಲೂ ಇರಲಿಲ್ಲ. ಮೂರನೆಯದು, ಫ್ಲಾಪಿಯ ಬದಲು ಒಂದು ಹೊರಗಿನ ಡ್ರೈವ್ ಬಂತು. ಪ್ರಿಂಟರಿನ ತಂತಿಯ ಜಾಗಕ್ಕೆ ಸಿಕ್ಕಿಸುವ ನೀಲಿ ಪೆಟ್ಟಿಗೆ ಅದು. ಕರೆಂಟಿಗೆ ಅದರದೇ ಬೇರೆ ಪ್ಲಗ್ಗು. ಅಂಗೈಯಗಲದ ದಪ್ಪ ಡಿಸ್ಕನ್ನು ಅದರೊಳಗೆ ತಳ್ಳಬೇಕು. ಹಿಂದಿನ ಸಂಜೆ ಬರೆದ ಡಿಸ್ಕ್ ದಿನವೂ ಬೆಳಿಗ್ಗೆ ಬಸ್ಸಿನಲ್ಲಿ ಚಿಂತಾಮಣಿಗೆ ಹೋಗುತ್ತಿತ್ತು, ಪೆಟ್ಟಿಗೆಯಲ್ಲಿ ಇನ್ನೊಂದು ಕೂರುತ್ತಿತ್ತು, ಏಕೆಂದರೆ ಮೊಟ್ಟೆಗಳನ್ನು ತಂಪಿನಲ್ಲಿಡುವ ಕೋಣೆ ಅಲ್ಲಿತ್ತು. ಸುಡಬೇಕಾದ ತಂಡಗಳ ಪಟ್ಟಿ ಡಿಸ್ಕಿನಲ್ಲಿದ್ದರೆ ಅವರು ಸುಡುತ್ತಿದ್ದರು, ಇಲ್ಲದಿದ್ದರೆ ಬೆಳೆಗಾರರಿಗೆ ಕೊಡುತ್ತಿದ್ದರು.

ಆಗಿನ ಲಿನಕ್ಸಿಗೆ ಪೆಟ್ಟಿಗೆ ಸಿಕ್ಕಿಸಿದರೆ ಸಾಲದು, ಅದನ್ನು 'ಮೌಂಟ್' ಮಾಡಬೇಕಿತ್ತು. ಹುಳು ಸಾಕುವ ಮನೆ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಂಪ್ಯೂಟರಿನೊಳಗಿನ ಒಂದು ಖಾಲಿ ಫೋಲ್ಡರ್ ಎಂದರೆ ಸ್ಟ್ಯಾಂಡಿನ ಹಲಗೆ. ಹೊರಗಿನ ಡಿಸ್ಕ್ ಎಂದರೆ ಅದರ ಮೇಲಿಡುವ ತಟ್ಟೆ. ತಟ್ಟೆ ಇಟ್ಟ ಮೇಲೆ ಹಾಕಿದ್ದೆಲ್ಲ ತಟ್ಟೆಗೇ ಬೀಳುತ್ತದೆ, ತಟ್ಟೆ ಎತ್ತಿಕೊಂಡು ಹೋದರೆ ಅದೂ ಜೊತೆಗೆ ಹೋಗುತ್ತದೆ. ದಿನವೂ ಆ ತಟ್ಟೆ ಇಡಲು ಮೂರು ಸಾಲು ಟೈಪ್ ಮಾಡಬೇಕಿತ್ತು. ಒಂದು ಚುಕ್ಕೆ ತಪ್ಪಿದರೂ ಆಗುತ್ತಿರಲಿಲ್ಲ. ಆಪಾ ಆ ಮೂರು ಸಾಲನ್ನು ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದರು. ಆದರೂ ನಾನು ಗೌರಿಬಿದನೂರಿಗೆ ಹೋದ ದಿನವೆಲ್ಲ ಫೋನು ಬರುತ್ತಿತ್ತು: "ನಾಗರಾಜು, ನಿನ್ನ ಪೆಟ್ಟಿಗೆ ಮುನಿಸ್ಕೊಂಡೈತೆ."

ರಾಮಚಂದ್ರಯ್ಯನವರು ಒಂದು ದಿನ ಕರೆದು, "ನೀವಿಲ್ದಿದ್ರೂ ಅದು ತಾನಾಗೇ ಆಗೋ ಹಾಗೆ ಮಾಡ್ರೀ. ದಿನಾ ಏನು ಮಂತ್ರ ಹಾಕೋದು?" ಎಂದರು.

ಹದಿನೈದು ದಿನ ತಲೆ ಕೆಡಿಸಿಕೊಂಡೆ. ಕಂಪ್ಯೂಟರ್ ಶುರುವಾಗುವಾಗ ಯಾವ ಯಾವ ಡಿಸ್ಕನ್ನು ಎಲ್ಲೆಲ್ಲಿ ಕೂರಿಸಬೇಕು ಎಂದು ಓದಿಕೊಳ್ಳುವ ಒಂದು ಪಟ್ಟಿ ಲಿನಕ್ಸಿನಲ್ಲಿದೆ, ಎಫ್‌ಎಸ್‌ಟ್ಯಾಬ್ ಎಂದು ಅದರ ಹೆಸರು. ಅದರಲ್ಲಿ ನೀಲಿ ಪೆಟ್ಟಿಗೆಗಾಗಿ ಒಂದು ಸಾಲು ಸೇರಿಸಿದೆ. ಆ ಪಟ್ಟಿ ಓದುವ ಮೊದಲೇ ಕಂಪ್ಯೂಟರು ಪೆಟ್ಟಿಗೆಯನ್ನು ಗುರುತಿಸುವಂತೆ ಇನ್ನೊಂದು ಕಡೆ ತಿದ್ದಿದೆ. ಮಾರನೆಯ ದಿನ ಸ್ವಿಚ್ ಒತ್ತಿದರೆ ಪೆಟ್ಟಿಗೆ ಒಮ್ಮೆ ಗುರುಗುಟ್ಟಿತು, ಫೋಲ್ಡರ್ ತೆರೆದರೆ ಡಿಸ್ಕಿನ ಫೈಲುಗಳು ಸಾಲಾಗಿ ಕುಳಿತಿವೆ! ಕುಣಿಯುವುದೊಂದು ಬಾಕಿ. ಸಾಹೇಬರು ಎಲ್ಲರಿಗೂ ಕಾಫಿ, ಖಾರಾಬೂಂದಿ ತರಿಸಿ, "ಇನ್ಮೇಲೆ ಯಾರೂ ಏನೂ ನೋಡೋ ಹಾಗಿಲ್ಲ" ಎಂದರು. ಆಪಾ ರಬ್ಬರ್ ತಂದು ಗೋಡೆಯ ಮೂರು ಸಾಲನ್ನು ಅಳಿಸಿದರು.

ಯಾರೂ ಏನೂ ನೋಡುವ ಹಾಗಿಲ್ಲ. ಆ ಮಾತು ಎಷ್ಟು ನಿಜವಾಯಿತು ಎಂದರೆ, ಎರಡು ತಿಂಗಳು ನಾವ್ಯಾರೂ ಏನನ್ನೂ ನೋಡಲಿಲ್ಲ.

ಚಳಿಗಾಲ ಮುಗಿಯುತ್ತಿದ್ದಾಗ ಚಿಂತಾಮಣಿ ಕಡೆಯ ಒಂದು ಹಳ್ಳಿಯಿಂದ ಲಕ್ಷ್ಮೀದೇವಮ್ಮ ಎಂಬಾಕೆ ಬಂದರು. ಹುಳು ಸಾಕುವುದರಲ್ಲಿ ಪಳಗಿದ ಕೈ, ನಮ್ಮ ಸಂಘಕ್ಕೆ ಹಳಬರು. ಕಂಕುಳಲ್ಲಿ ಬಟ್ಟೆ ಮುಚ್ಚಿದ ಮೊರ. ಮುನಿಶಾಮಪ್ಪ ಅದನ್ನು ಒಳಗೆ ಬಿಡಲಿಲ್ಲ, ಸಾಹೇಬರೇ ಅಂಗಳಕ್ಕೆ ಇಳಿದು ಬಂದರು. ಬಟ್ಟೆ ಸರಿಸಿದರೆ ಹುಳುಗಳು ಒಂದು ದೊಡ್ಡದು ಒಂದು ಚಿಕ್ಕದು, ಮೈಮೇಲೆಲ್ಲ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ.

"ನೋಡಂಡಿ ಸಾರ್, ಸೊಪ್ಪು ಹಾಕಿದ್ರೆ ತಲೆ ಎತ್ತಲ್ಲ. ಮೊದಲನೇ ಸಲ ನನ್ನ ಮನೇಲಿ ಹಿಂಗಾಗಿರೋದು. ನನ್ನ ಕೈಯೇ ಕೆಟ್ಟೋಯ್ತಾ ಅಂತ ಊರಲ್ಲಿ ಕೇಳ್ತಾವ್ರೆ" ಎಂದರು.

ಸಾಹೇಬರು ಮೊಟ್ಟೆ ಹಾಳೆಯ ಚೀಟಿ ನೋಡಿದರು. ಹದಿನಾಲ್ಕನೇ ತಂಡ. ಆಕೆಗೆ ಬೇರೆ ಮೊಟ್ಟೆ ಕೊಡಿಸಿ ಕಳಿಸಿ, ನಮ್ಮನ್ನು ಒಳಗೆ ಕರೆದರು. ಹದಿನಾಲ್ಕನೇ ತಂಡವನ್ನು ನೋಡಿದ್ದು ಆಪಾ.

"ಆ ತಂಡದಲ್ಲಿ ರೋಗ ಇತ್ತು ಸಾರ್. ನಾನು ಕಂಡೆ, ಟೈಪ್ ಮಾಡಿದೆ" ಎಂದರು ಆಪಾ, ಒಂದು ಕ್ಷಣವೂ ತಡವರಿಸದೆ.

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಫೋಲ್ಡರ್ ತೆರೆದೆ. ರೋಗ ಕಂಡ ದಿನ ಮಾತ್ರ ಒಂದು ಫೈಲು ಹುಟ್ಟುವ ಹಾಗೆ ನಾನೇ ಏರ್ಪಾಡು ಮಾಡಿದ್ದೆ. ಫೈಲಿಲ್ಲ ಎಂದರೆ ಆ ದಿನ ಎಲ್ಲ ಶುದ್ಧ ಎಂದು ಅರ್ಥ. ಹದಿನಾಲ್ಕನೇ ತಂಡ ನೋಡಿದ ದಿನದ ಫೈಲು ಇರಲಿಲ್ಲ. ಬಸ್ಸಿನಲ್ಲಿ ಹೋಗಿ ಬಂದ ಡಿಸ್ಕಿನಲ್ಲಿ ಹುಡುಕಿದೆ, ಅಲ್ಲೂ ಇರಲಿಲ್ಲ.

"ಕಂಪ್ಯೂಟರಲ್ಲಿ ಇಲ್ಲ ಅಂದ್ರೆ ಟೈಪ್ ಮಾಡಿಲ್ಲ ಅಂತಲೇ ಅರ್ಥ ಸಾರ್" ಎಂದೆ. ಯಾರೂ ನನ್ನ ಬಾಯಿಗೆ ಕೋಲು ಹಾಕಿ ಕೇಳಿರಲಿಲ್ಲ. ನಾನಾಗಿಯೇ ಹೇಳಿದೆ. ಹೇಳುವಾಗ ಸ್ವಲ್ಪ ಜಂಬವೂ ಇತ್ತು.

ಆಪಾ ನನ್ನನ್ನೇ ನೋಡಿದರು. ಸಾಹೇಬರು ದನಿ ಏರಿಸದೆ, "ಜೈಬುನ್ನಿಸಾ ಅವರೇ, ವಯಸ್ಸಾಗ್ತಾ ಕಣ್ಣು ಮಂಜಾಗೋದು ಸಹಜ. ಬೇಜಾರು ಮಾಡ್ಕೋಬೇಡಿ. ಸ್ವಲ್ಪ ದಿನ ಬೇರೆ ಕೆಲಸ ನೋಡ್ಕೊಳ್ಳಿ" ಎಂದರು. ಮಾರನೆಯ ದಿನದಿಂದ ಆಪಾ ಹಿತ್ತಿಲ ಶೆಡ್ಡಿನಲ್ಲಿ ತಟ್ಟೆ ತೊಳೆಯುವವರ ಜೊತೆ ಕುಳಿತರು. ಇಪ್ಪತ್ತು ವರ್ಷ ಗಾಜು ನೋಡಿದವರು. ಡಬ್ಬಿಯನ್ನು ಮಾತ್ರ ಸೂಕ್ಷ್ಮದರ್ಶಕದ ಪಕ್ಕದಲ್ಲಿಯೇ ಬಿಟ್ಟು ಹೋಗಿದ್ದರು.

ಹನ್ನೆರಡು ದಿನ ಹೀಗೆ ನಡೆಯಿತು. ಒಂದು ಶುಕ್ರವಾರ ಮಧ್ಯಾಹ್ನ ಹೊಸ ಡಿಸ್ಕ್ ಪರೀಕ್ಷಿಸಲೆಂದು ಪೆಟ್ಟಿಗೆಯನ್ನು ಕಂಪ್ಯೂಟರಿನಿಂದ ಬಿಡಿಸಿದೆ. ಅಂದರೆ ಹಲಗೆಯ ಮೇಲಿನ ತಟ್ಟೆ ತೆಗೆದೆ. ಹೊಸ ಡಿಸ್ಕ್ ತಳ್ಳುವ ಮೊದಲು ಕೈ ತಾನಾಗಿ ಆ ಖಾಲಿ ಫೋಲ್ಡರನ್ನು ತೆರೆಯಿತು. ಖಾಲಿ ಇರಬೇಕಾದ ಕಡೆ ಒಂದು ಫೈಲಿತ್ತು.

ಆಪಾ ಟೈಪ್ ಮಾಡಿದೆ ಎಂದಿದ್ದ ದಿನದ ತಾರೀಖು. ತೆರೆದೆ. ಹದಿನಾಲ್ಕನೇ ತಂಡ, ರೋಗ ಇದೆ, ಸುಡಬೇಕು. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡ: ಎರಡು ಸಲ ನೋಡಿದ್ದೇನೆ.

ಏನಾಗಿತ್ತು ಎನ್ನುವುದು ಕೂತಲ್ಲಿಯೇ ಹೊಳೆಯಿತು. ಆ ತಾರೀಖಿನ ಬೆಳಿಗ್ಗೆ ಚಳಿ ಜಾಸ್ತಿ ಎಂದು ಚಿಟ್ಟೆಗಳ ಕೋಣೆಗೆ ಹೀಟರ್ ಹಾಕಲು ಯಾರೋ ಪೆಟ್ಟಿಗೆಯ ಪ್ಲಗ್ ಕಿತ್ತಿದ್ದು ಈಗ ನೆನಪಾಯಿತು. ಅದೇ ಹೊತ್ತಿಗೆ ಕರೆಂಟು ಹೋಗಿ ಬಂದಿತ್ತು. ಕಂಪ್ಯೂಟರ್ ಮತ್ತೆ ಶುರುವಾದಾಗ ಪೆಟ್ಟಿಗೆ ಸತ್ತಂತೆ ಬಿದ್ದಿತ್ತು. ಪೆಟ್ಟಿಗೆ ಸಿಗಲಿಲ್ಲ ಎಂದು ತೆರೆಯ ಮೇಲೆ ಒಂದು ಸಾಲು ಬಂದು ಓಡಿಹೋಗಿರಬೇಕು, ನೋಡುವವರು ಯಾರು? ಆಪಾ ಸಂಜೆ ಟೈಪ್ ಮಾಡಿದ್ದು ತಟ್ಟೆಗೆ ಬೀಳದೆ ಹಲಗೆಯ ಮೇಲೆ ಬಿತ್ತು. ಮಾರನೆಯ ದಿನ ಪ್ಲಗ್ ಹಾಕಿ ಕಂಪ್ಯೂಟರ್ ಶುರು ಮಾಡಿದರು, ತಟ್ಟೆ ಬಂದು ಅದರ ಮೇಲೆ ಕೂತಿತು. ಕೆಳಗಿದ್ದದ್ದು ಯಾರಿಗೂ ಕಾಣದಾಯಿತು. ನಾನು ಕೈಯಿಂದ ಮೂರು ಸಾಲು ಟೈಪ್ ಮಾಡುತ್ತಿದ್ದ ಕಾಲದಲ್ಲಾದರೆ ಆ ತಪ್ಪು ಆ ಕ್ಷಣದಲ್ಲೇ ಸಿಗುತ್ತಿತ್ತು.

ಈಗ ಹೇಳಬೇಕಾದ ಮಾತು ಹೇಳಲು ಇಷ್ಟವಿಲ್ಲದ್ದು. ನಾನು ಆ ಶುಕ್ರವಾರ ಬಾಯಿ ಬಿಡಲಿಲ್ಲ. ಶನಿವಾರವೂ ಬಿಡಲಿಲ್ಲ. ಉಳಿದ ಮೂರು ಊರಿನಲ್ಲೂ ಇದೇ ಏರ್ಪಾಡು ಮಾಡಿಸಬೇಕು ಎಂದು ಸಾಹೇಬರು ಆ ವಾರವಷ್ಟೇ ಎಲ್ಲರ ಮುಂದೆ ನನ್ನನ್ನು ಹೊಗಳಿದ್ದರು. ಹೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರಿದೆ. ಫೈಲು ಅಳಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಬಂದು ಹೋಯಿತು. ಭಾನುವಾರ ನಮ್ಮೂರ ಹತ್ತಿರದ ವಿದುರಾಶ್ವತ್ಥದ ಅರಳಿ ಮರದ ಕೆಳಗೆ ಮಧ್ಯಾಹ್ನವೆಲ್ಲ ಸುಮ್ಮನೆ ಕೂತಿದ್ದೆ. ಎರಡು ಸಲ ನೋಡಿದ್ದೇನೆ ಎಂಬ ಸಾಲು ತಲೆಯಿಂದ ಹೋಗಲೇ ಇಲ್ಲ.

ಸೋಮವಾರ ಬೆಳಿಗ್ಗೆ ಆ ಫೈಲನ್ನು ಅಚ್ಚು ಹಾಕಿಕೊಂಡು ನೇರವಾಗಿ ಹಿತ್ತಿಲ ಶೆಡ್ಡಿಗೆ ಹೋದೆ. ಆಪಾ ತಟ್ಟೆ ಉಜ್ಜುತ್ತಿದ್ದರು. ಕಣ್ಣಿಗೆ ಹೊಸ ಕನ್ನಡಕ, ಕಂದು ಬಣ್ಣದ ಚೌಕಟ್ಟು. ನಾನು ಹಿಂದೆಂದೂ ಅವರನ್ನು ಕನ್ನಡಕದಲ್ಲಿ ನೋಡಿರಲಿಲ್ಲ.

"ಇದೇನಾಪಾ?"

"ಶನಿವಾರ ಚಿಕ್ಕಬಳ್ಳಾಪುರಕ್ಕೆ ಹೋಗಿ ತೋರಿಸ್ಕೊಂಡು ಬಂದೆ. ಒಂಚೂರು ಪವರ್ ಐತೆ ಅಂದ್ರು. ಸಾಹೇಬ್ರು ಹೇಳಿದ್ದೇ ಸರಿ ಇರಬೇಕು. ಅದನ್ನ ನೋಡಿದ್ದು, ಟೈಪ್ ಮಾಡಿದ್ದು, ಎಲ್ಲಾ ನಾನೇ ಕಲ್ಪನೆ ಮಾಡ್ಕೊಂಡ್ನೇನೋ. ಹಿಂದೆ ಇನ್ನೆಷ್ಟು ಬಿಟ್ಟಿದ್ದೀನೋ, ಇನ್ಯಾರ ಮನೆ ಹುಳು ಹೋಗೈತೋ. ರಾತ್ರಿ ನಿದ್ದೆ ಬರಲ್ಲ ಕಣಪ್ಪ" ಎಂದರು.

ಶನಿವಾರ. ನಾನು ಬಾಯಿ ಮುಚ್ಚಿಕೊಂಡಿದ್ದ ದಿನವೇ ಅವರು ಆ ಕನ್ನಡಕ ಕೊಂಡಿದ್ದು. ಕಾಗದವನ್ನು ಅವರ ಕೈಗೆ ಕೊಟ್ಟೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓದಿದರು. ನಡೆದದ್ದನ್ನೆಲ್ಲ ಹೇಳಿದೆ, ಶುಕ್ರವಾರದಿಂದ ಗೊತ್ತಿತ್ತು ಎನ್ನುವುದನ್ನೂ ಸೇರಿಸಿ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಹಂಗಾದ್ರೆ ನನ್ನ ಕಣ್ಣು ಸರಿ ಐತಾ?" ಎಂದು ಕೇಳಿದರು. ಮತ್ತೆ ಇನ್ನೊಮ್ಮೆ ಅದನ್ನೇ ಕೇಳಿದರು, "ಸರಿ ಐತಾ ನಾಗರಾಜು?" ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಇಬ್ಬರೂ ಸಾಹೇಬರ ಕೋಣೆಗೆ ಹೋದೆವು. ಅವರು ಕಾಗದವನ್ನು ಓದಿದರು. ನನ್ನನ್ನು ಬೈಯುವ ಮೊದಲು ಎದ್ದು ನಿಂತು ಆಪಾಗೆ, "ಕಂಪ್ಯೂಟರ್ ಮಾತು ನಂಬಿದೆ, ನಿಮ್ಮ ಮಾತು ನಂಬಲಿಲ್ಲ. ತಪ್ಪಾಯ್ತಮ್ಮ" ಎಂದರು. ಆಮೇಲೆ ನನಗೆ ಬೈಗುಳ, ಅದರ ಹಿಂದೆಯೇ ಎಚ್ಚರಿಕೆಯ ಪತ್ರ. ಎರಡಕ್ಕೂ ನಾನು ತಕ್ಕವನೇ. ಆ ಮಧ್ಯಾಹ್ನವೇ ಕಾಗದದ ಪುಸ್ತಕ ಮತ್ತೆ ಬಂತು. ಆ ವಾರ ಸಾಹೇಬರೇ ಲಕ್ಷ್ಮೀದೇವಮ್ಮನ ಹಳ್ಳಿಗೆ ಹೋಗಿ, ನಾಲ್ಕು ಜನರ ಮುಂದೆ, ಆಕೆಯ ಕೈ ಕೆಟ್ಟಿಲ್ಲ, ಕೆಟ್ಟದ್ದು ನಮ್ಮ ಏರ್ಪಾಡು ಎಂದು ಹೇಳಿ ಬಂದರು.

ಆಪಾ ಸೂಕ್ಷ್ಮದರ್ಶಕದ ಕೋಣೆಗೆ ಮರಳಿದರು. ಡಬ್ಬಿ ತೆರೆದು ಹಳೆಯ ಗಾಜು ಇಟ್ಟು ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಅಕ್ಕಿ ಕಾಳಿನಂಥ ಹೊಳೆಯುವ ಕಣಗಳು.

"ಇಷ್ಟು ವರ್ಷ ನೋಡಿದ್ರೂ ನನ್ನ ಕಣ್ಣನ್ನ ನಾನು ಬೆಳಿಗ್ಗೆ ಎದ್ದು ನಂಬಲ್ಲ ಕಣಪ್ಪ. ನೀನು ಹೆಂಗೆ ಆ ಪೆಟ್ಟಿಗೆನ ನಂಬಿದೆ? ಐತೋ ಇಲ್ವೋ ಅಂತ ಒಂದು ಮಾತು ಕೇಳಬಾರದಾಗಿತ್ತಾ?" ಎಂದರು.

ಆ ವಾರವೆಲ್ಲ ಕೂತು ಕೆಲಸ ಮಾಡಿದೆ. ಪ್ರತಿ ಡಿಸ್ಕಿಗೂ ಒಂದು ಗುರುತಿನ ಫೈಲು ಹಾಕಿದೆ, ಒಳಗೆ ಒಂದೇ ಸಾಲು. ಏನನ್ನೇ ಬರೆಯುವ ಮೊದಲು ಕಂಪ್ಯೂಟರು ಆ ಸಾಲನ್ನು ಓದಲೇಬೇಕು. ಸಿಗದಿದ್ದರೆ ಕಿರುಚಿಕೊಂಡು ನಿಲ್ಲಬೇಕು. ತಟ್ಟೆ ಇಲ್ಲದಾಗ ಹಲಗೆಯ ಮೇಲೆ ಯಾರೂ ಏನೂ ಹಾಕದಂತೆ ಖಾಲಿ ಫೋಲ್ಡರಿಗೆ ಬೀಗ ಹಾಕಿದೆ. ರೋಗವಿಲ್ಲದ ದಿನವೂ 'ರೋಗವಿಲ್ಲ' ಎಂಬ ಫೈಲು ಹುಟ್ಟುವಂತೆ ಮಾಡಿದೆ. ಪೆಟ್ಟಿಗೆಯ ಪ್ಲಗ್ಗಿಗೆ ಮುನಿಶಾಮಪ್ಪ ಕೆಂಪು ಟೇಪು ಸುತ್ತಿ ಕಾವಲು ನಿಂತ. ಅವನು ಇರುವವರೆಗೆ ಯಾವ ಹೀಟರೂ ಅದರ ಹತ್ತಿರ ಸುಳಿಯಲಿಲ್ಲ. ಪೆಟ್ಟಿಗೆ ಆಮೇಲೂ ತಾನಾಗಿಯೇ ಬರುತ್ತಿತ್ತು. ಬಂದಿದೆಯೇ ಎಂದು ಕೇಳುವವರು ಇದ್ದರು, ಅಷ್ಟೇ ವ್ಯತ್ಯಾಸ.

ಆಪಾ ಕೆಲವು ವರ್ಷಗಳ ನಂತರ ನಿವೃತ್ತರಾದರು. ಗುರುತಿನ ಗಾಜಿನ ಡಬ್ಬಿಯನ್ನು ತಮ್ಮ ಜಾಗಕ್ಕೆ ಬಂದ ಹುಡುಗಿಯ ಕೈಗೆ ಕೊಟ್ಟರು. ಹೊರಡುವಾಗ ನನ್ನ ಮೇಜಿನ ಮೇಲೆ ಕಂದು ಕನ್ನಡಕದ ಪೆಟ್ಟಿಗೆ ಇಟ್ಟು, "ತಗೋ. ಇದು ನಿನ್ನ ತಪ್ಪಿಗೆ ಕೊಂಡಿದ್ದು, ನಿನ್ಹತ್ರಾನೇ ಇರ್ಲಿ. ಹೆಂಗೂ ಮುಂದೆ ಬೇಕಾಗ್ತದೆ" ಎಂದು ನಕ್ಕರು.

ಬೇಕಾಯಿತು. ಗಾಜನ್ನು ಎರಡು ಸಲ ಬದಲಾಯಿಸಿದ್ದೇನೆ, ಚೌಕಟ್ಟು ಆಪಾ ಅವರದೇ. ಹೆಂಗಸರ ಕನ್ನಡಕ ಹಾಕಿಕೊಂಡಿದ್ದೀರಲ್ಲ ಎಂದು ಮನೆಯಲ್ಲಿ ನಗುತ್ತಾರೆ. ಬೆಳಿಗ್ಗೆ ಅದನ್ನು ಹಾಕಿಕೊಂಡ ಕೂಡಲೇ ಗೋಡೆಗೆ ಅಂಟಿಸಿರುವ ಒಂದು ಹಳೆಯ ಕಾಗದವನ್ನು ಓದುತ್ತೇನೆ. ಎರಡು ಸಲ ನೋಡಿದ್ದೇನೆ ಎಂದು ಅದರಲ್ಲಿದೆ. ಅದು ಸರಿಯಾಗಿ ಕಂಡರೆ, ಆಮೇಲೆ ಪತ್ರಿಕೆಗೆ ಕೈ ಹಾಕುತ್ತೇನೆ.